ರೈಲಿಗೆ ಬೆನ್ನು ಹಾಕಿದ ಕೋಣೆ

ಆ ಉಪನಗರದ ಸ್ಟೇಷನ್ನಿನಲ್ಲಿ ಎಲ್ಲವೂ ರೈಲಿನ ಕಡೆಗೇ ಮುಖ ಮಾಡಿದ್ದವು. ಟಿಕೆಟ್ ಕಿಟಕಿ, ದೊಡ್ಡ ಗಡಿಯಾರ, ಕುಡಿಯುವ ನೀರಿನ ನಲ್ಲಿ, ಕಾಸು ನುಂಗಿ ತೂಕ ಹೇಳದೆ ಸುಮ್ಮನಾಗುವ ಯಂತ್ರ, ಕಲ್ಲಿನ ಬೆಂಚುಗಳು, ಚಹಾದವನ ಗೂಡಂಗಡಿ, ಅಷ್ಟೇಕೆ, ಶೌಚಾಲಯದ ಬಾಗಿಲು ಕೂಡ ಹಳಿಗಳತ್ತಲೇ ನೋಡುತ್ತಿತ್ತು. ಪ್ರಯಾಣಿಕರ ನಿರೀಕ್ಷಣಾ ಕೊಠಡಿಯೊಂದು ಮಾತ್ರ, ಮುನಿಸಿಕೊಂಡ ಬೀಗರ ಹಾಗೆ, ಪ್ಲಾಟ್‌ಫಾರಮ್ಮಿಗೆ ಬೆನ್ನು ಹಾಕಿ ಹಿಂದಿನ ರಸ್ತೆಯನ್ನು ನೋಡುತ್ತಾ ಕೂತಿತ್ತು.

ತಪ್ಪು ಕೋಣೆಯದಲ್ಲ. ಮೊದಲು ಹಳಿ ಹಾಕಿದ ಕಾಲದಲ್ಲಿ ಗಾಡಿ ಓಡುತ್ತಿದ್ದದ್ದು ಈಗ ರಸ್ತೆ ಇರುವ ಕಡೆಯಲ್ಲೇ. ಒಂದೇ ಹಳಿ, ದಿನಕ್ಕೆ ಬೆರಳೆಣಿಕೆಯ ಗಾಡಿ. ಬಾಗಿಲು ತೆರೆದರೆ ಬೋಗಿಯ ಮೆಟ್ಟಿಲು ಎದುರಿಗೇ ಬರುವಂತೆ ಕೋಣೆಯನ್ನು ಕಟ್ಟಿದ್ದರು. ಆಮೇಲೆ ಪಟ್ಟಣ ಬೆಳೆಯಿತು, ಜೋಡಿ ಹಳಿ ಬೇಕಾಯಿತು, ಆ ಪಕ್ಕದಲ್ಲಿ ಜಾಗ ಸಾಲದೆ ಈ ಪಕ್ಕಕ್ಕೆ ಹಾಕಿದರು. ಮಿಕ್ಕಿದ್ದನ್ನೆಲ್ಲ ಒಡೆದು ಈ ಕಡೆಗೆ ತಿರುಗಿಸಿ ಕಟ್ಟಿದರು. ಕೋಣೆಯ ಸರದಿ ಬಂದಾಗ, ಅದರ ಎರಡು ಮೊಳ ದಪ್ಪದ ಕಲ್ಲುಗೋಡೆಗೆ ಬಡಿದು ಬಡಿದು ಗುತ್ತಿಗೆದಾರನ ಆಳುಗಳ ಕೈಯಲ್ಲಿ ಬೊಬ್ಬೆ ಎದ್ದವಂತೆ. "ಇದೊಂದು ಹೀಗೇ ಇರಲಿ ಬಿಡಿ, ಯಾರು ಕೇಳ್ತಾರೆ" ಎಂದು ಆತ ಗಂಟುಮೂಟೆ ಕಟ್ಟಿದ. ಅವನು ಹೇಳಿದ್ದು ನಿಜವಾಯಿತು, ಯಾರೂ ಕೇಳಲಿಲ್ಲ.

ಹೀಗಾಗಿ ಒಳಗೆ ಕೂತವರಿಗೆ ಗಾಡಿ ಬರುವುದು ಕಾಣುತ್ತಿರಲಿಲ್ಲ. ಕೇಳಿಸುವುದೂ ಕಷ್ಟವೇ. ಗೋಡೆ ಸದ್ದನ್ನೆಲ್ಲ ನುಂಗಿ, ಸುತ್ತಿ ಬಳಸಿ ಬಾಗಿಲಿನಿಂದ ಒಂದಿಷ್ಟು ಗುಂಯ್ ಎನ್ನುವುದನ್ನು ಮಾತ್ರ ಒಳಗೆ ಬಿಡುತ್ತಿತ್ತು. ಕೂತವರು ರಸ್ತೆಯಲ್ಲಿ ಲಾರಿ ಹೋಯಿತು ಎಂದುಕೊಳ್ಳುತ್ತಿದ್ದರು. ಪ್ಲಾಟ್‌ಫಾರಮ್ಮಿನ ಧ್ವನಿವರ್ಧಕವಂತೂ ಬಾಯಿ ತುಂಬ ನೀರು ತುಂಬಿಕೊಂಡು ಮಾತಾಡುವ ಜಾತಿಯದು. ಒಂದು ಕಾಲದಲ್ಲಿ ಗಾಡಿ ಹಿಡಿಯಬೇಕಾದವನು ಆ ಕೋಣೆಯಲ್ಲಿ ಕೂರಬಾರದು ಎಂದು ಊರಲ್ಲೆಲ್ಲ ಮಾತಾಗಿತ್ತು.

ಆ ಕೆಟ್ಟ ಹೆಸರನ್ನು ತೊಳೆದವರು ಕೋಣೆಯಮ್ಮನ ಅತ್ತೆ. ಕೋಣೆಯಮ್ಮ ಎಂದರೆ ಈಗ ಅಲ್ಲಿ ಗುಡಿಸಿ, ಒರೆಸಿ, ಬಂದವರನ್ನು ಕೂರಿಸಿ, ಗಾಡಿ ಬಂದಾಗ ಎಬ್ಬಿಸಿ ಕಳಿಸುವ ಹೆಂಗಸು. ಅವಳಿಗಿಂತ ಮೊದಲು ಆ ಕೆಲಸ ಅತ್ತೆಯದಾಗಿತ್ತು. ಕೋಣೆಯ ಮೂಲೆಯಲ್ಲಿ ಒಂದು ತಾಮ್ರದ ನೀರಿನ ಹಂಡೆ, ಹಂಡೆಗೊಂದು ಸಡಿಲ ಮುಚ್ಚಳ. ಗಾಡಿ ಇನ್ನೂ ದೂರದ ಸೇತುವೆಯ ಮೇಲಿರುವಾಗಲೇ ನೆಲ ನಡುಗಿ ಆ ಮುಚ್ಚಳ ಹಲ್ಲು ಕಡಿಯುತ್ತದೆ ಎಂಬುದನ್ನು ಅತ್ತೆ ಕಂಡುಹಿಡಿದಿದ್ದರು. ಪಟ್ಟಣದ ಗಾಡಿಯಾದರೆ ಟಿಣಿಟಿಣಿ. ಕಾರ್ಖಾನೆ ಕಡೆಯ ಗಾಡಿಯಾದರೆ ಗಡಗಡ. ಅಪರೂಪಕ್ಕೆ ಬರುವ ಫಾಸ್ಟ್ ಗಾಡಿಯಾದರೆ ಒಂದೇ ಉಸಿರಿನ ಝಿರ್ರ್. ಎರಡು ಗಾಡಿ ಒಟ್ಟಿಗೆ ಬಂದರೆ ಮುಚ್ಚಳದ ಮೇಲೆ ಕವುಚಿಟ್ಟ ಲೋಟವೂ ಕುಣಿಯುತ್ತಿತ್ತು. ಮುಚ್ಚಳ ಹೇಳಿದ್ದನ್ನು ಅತ್ತೆ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು, ಜನ ಎದ್ದು ಗೋಡೆ ಸುತ್ತಿ ನಡೆದು ಹೋಗಿ ಗಾಡಿ ಹತ್ತುವುದಕ್ಕೆ ಸರಿಯಾಗುತ್ತಿತ್ತು. ಈ ವಿದ್ಯೆಯನ್ನು ಅತ್ತೆ ಸೊಸೆಗೆ ಧಾರೆ ಎರೆದು ಕೊಟ್ಟು, ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲಿ ಕಾಲು ಚಾಚಿ ಕೂತಿದ್ದರು. ವಯಸ್ಸಾಗಿದ್ದದ್ದು ಮಂಡಿಗೆ, ಬಾಯಿಗಲ್ಲ.

"ನನ್ನ ಕಾಲದಲ್ಲಿ ಆ ಕೋಣೆಯಿಂದ ಗಾಡಿ ತಪ್ಪಿಸಿಕೊಂಡವರು ಇಬ್ಬರೇ," ಎಂದು ಅವರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. "ನಿಮ್ಮಪ್ಪ, ಮತ್ತೆ ನೀನು. ಅದೂ ನಿಮ್ಮಪ್ಪ ಬೂಟಿನ ದಾರ ಕಟ್ಟೋಕೆ ಹೊತ್ತು ಮಾಡಿದ್ದಕ್ಕೆ."

ಇದು ಕೋಣೆಯಮ್ಮನ ಮದುವೆಯ ಕಥೆ. ಅಪ್ಪನ ಕನ್ನಡಕಕ್ಕೆಂದು ಪಟ್ಟಣಕ್ಕೆ ಹೋಗಿದ್ದ ಅಪ್ಪ ಮಗಳು, ಗಾಡಿ ಬದಲಿಸಲು ಇಲ್ಲಿ ಇಳಿದು ಈ ಕೋಣೆಯಲ್ಲಿ ಕೂತಿದ್ದರು. ಕೋಣೆಯ ಹೆಂಗಸು ಬಿಸಿಲು ಮಳೆಯ ಮಾತು ತೆಗೆದು ಅಪ್ಪನನ್ನು ಚೆನ್ನಾಗಿ ಮಾತಾಡಿಸಿದರು. ಹೊರಗೆ ಬಂದು ನೋಡಿದರೆ ಗಾಡಿಯ ಹಿಂಬದಿಯ ಕೆಂಪು ದೀಪ. ಮುಂದಿನ ಗಾಡಿ ಸಂಜೆಗೆ. ಅಷ್ಟರಲ್ಲಿ ಆ ಹೆಂಗಸಿನ ಮಗ, ರೈಲ್ವೆ ಗೇಟು ಕಾಯುವ ಹುಡುಗ, ಅಮ್ಮನಿಗೆ ಊಟದ ಡಬ್ಬಿ ಹಿಡಿದುಕೊಂಡು ಬಂದ. ಅಪ್ಪನನ್ನು ಕರೆದುಕೊಂಡು ಹೋಗಿ ಗೇಟು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂದು ತೋರಿಸಿದ. ಅಪ್ಪ ಎರಡು ಸಲ ತಾನೇ ಏರಿಸಿ ಇಳಿಸಿ ಮಗುವಿನ ಹಾಗೆ ಖುಷಿಪಟ್ಟ. ಸಂಜೆಯ ಗಾಡಿ ಹತ್ತುವಾಗ, "ಹುಡುಗ ಒಳ್ಳೆಯವನು" ಎಂದಷ್ಟೇ ಹೇಳಿದ್ದ. ಮುಂದಿನ ವರ್ಷ ಅವಳು ಈ ಮನೆಯ ಸೊಸೆ.

ಆದರೆ ಬೂಟಿನ ಆರೋಪ ಅವಳಿಗೆ ಚುಚ್ಚುತ್ತಿತ್ತು. "ನಮ್ಮಪ್ಪನ ಬೂಟಿಗೆ ದಾರವೇ ಇರಲಿಲ್ಲ ಅತ್ತೆ, ಸುಮ್ನೆ ಕಾಲು ತೂರಿಸೋ ಬೂಟು ಅದು" ಎಂದು ಹೇಳಿ ಹೇಳಿ ಸಾಕಾಗಿತ್ತು. "ದಾರ ಇಲ್ಲದ ಬೂಟಿಗೇ ಅಷ್ಟು ಹೊತ್ತು ಮಾಡಿದ್ರೆ, ದಾರ ಇದ್ದಿದ್ರೆ ಏನು ಗತಿ" ಎನ್ನುವುದು ಅತ್ತೆಯ ಉತ್ತರ. ಪಾಪ, ಅಪ್ಪ ಅದನ್ನು ನಂಬಿಬಿಟ್ಟಿದ್ದ. ಬದುಕಿರುವತನಕ ಮಗಳ ಮನೆಗೆ ಬಂದಾಗಲೆಲ್ಲ, ಹೊರಡುವುದಕ್ಕೆ ಒಂದು ತಾಸು ಮೊದಲೇ ಬೂಟು ಹಾಕಿಕೊಂಡು ಬಾಗಿಲ ಹತ್ತಿರ ಕೂತಿರುತ್ತಿದ್ದ. ಅದನ್ನು ನೆನೆದರೆ ಅವಳಿಗೆ ಇಂದಿಗೂ ನಗುವೂ ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು.

ಇಂಥ ಕೋಣೆಗೆ ಈಗ ಕುತ್ತು ಬಂದಿತ್ತು.

ಪ್ರತಿ ವರ್ಷ ಪ್ರಯಾಣಿಕರ ಸೌಲಭ್ಯಗಳನ್ನು ನೋಡಲು ಮೇಲಿನಿಂದ ಒಬ್ಬ ಸಾಹೇಬರು ಬರುವುದು ಪದ್ಧತಿ. ಕಳೆದ ಮೂರು ವರ್ಷ ಬೇರೆ ಬೇರೆ ಸಾಹೇಬರು ಬಂದು ಹೋದರು. ಮೂವರೂ ಮಾತಾಡಿಕೊಂಡವರ ಹಾಗೆ ಒಂದೇ ಮಾತು ಬರೆದಿದ್ದರು: ನಿರೀಕ್ಷಣಾ ಕೊಠಡಿ ಶುಚಿಯಾಗಿದೆ, ಆದರೆ ಯಾರೂ ಬಳಸುತ್ತಿಲ್ಲ. ಈ ವರ್ಷವೂ ಅದೇ ಮಾತಾದರೆ ಕೋಣೆಯನ್ನು ಸಿಮೆಂಟ್ ಮೂಟೆಗಳ ಗೋದಾಮು ಮಾಡುತ್ತಾರೆ, ಕೋಣೆಯಮ್ಮನನ್ನು ಪಟ್ಟಣದ ದೊಡ್ಡ ಸ್ಟೇಷನ್ನಿಗೆ, ಜನ ಬಿಟ್ಟುಹೋದ ಕೊಡೆಗಳನ್ನು ವಿಂಗಡಿಸುವ ಕೆಲಸಕ್ಕೆ ಹಾಕುತ್ತಾರೆ ಎಂದು ಸ್ಟೇಷನ್ ಮಾಸ್ತರು ತಿಳಿಸಿದರು.

"ಯಾರೂ ಬಳಸಲ್ವಾ? ಬೆಳಗಾದ್ರೆ ಕಾಲಿಡೋಕೆ ಜಾಗ ಇರಲ್ಲ ಅಲ್ಲಿ," ಎಂದಳು ಕೋಣೆಯಮ್ಮ.

"ನನಗೆ ಗೊತ್ತಮ್ಮ. ಸಾಹೇಬರಿಗೆ ಕಾಣಬೇಕಲ್ಲ."

"ಅವರಿಗೇನು ಕಣ್ಣಿಗೆ ಪೊರೆ ಬಂದಿದೆಯಾ?"

ಮಾಸ್ತರು ಸುಣ್ಣದ ಬಕೆಟ್ ತರಿಸಿದರು. ಅವರು ಸಾಧು ಮನುಷ್ಯ, ಆದರೆ ಜಗತ್ತಿನ ಸಕಲ ಕಷ್ಟಕ್ಕೂ ಸುಣ್ಣವೇ ಮದ್ದು ಎಂದು ನಂಬಿದವರು. ಪ್ಲಾಟ್‌ಫಾರಮ್ಮಿನ ಅಂಚಿಗೆ ಸುಣ್ಣ, ಮರದ ಬುಡಗಳಿಗೆ ಸುಣ್ಣ, ನಲ್ಲಿಕಟ್ಟೆಗೆ ಸುಣ್ಣ. ಚಹಾದವನು ಎರಡು ನಿಮಿಷ ಆಚೆ ಹೋಗಿ ಬರುವುದರೊಳಗೆ ಅವನ ಸ್ಟೂಲಿಗೂ ಸುಣ್ಣ ಬಿದ್ದಿತ್ತು. ನೋಡದೆ ಕೂತ ಅವನ ಪ್ಯಾಂಟಿನ ಹಿಂಭಾಗವೂ ಆ ವರ್ಷದ ಸೌಲಭ್ಯಗಳಲ್ಲಿ ಸೇರಿಹೋಯಿತು.

ಕೋಣೆಯಮ್ಮ ಸುಣ್ಣವನ್ನು ನಂಬಲಿಲ್ಲ, ಜನರನ್ನು ನಂಬಿದಳು. ದಿನವೂ ಕೋಣೆಗೆ ಬರುವವರನ್ನೆಲ್ಲ ಹಿಡಿದು ಹಿಡಿದು ಹೇಳಿದಳು. ಹೊಲಿಗೆಯ ಅಕ್ಕ, ಆಸ್ಪತ್ರೆಯ ನರ್ಸಮ್ಮ, ಲೆಕ್ಕದ ಮೇಷ್ಟ್ರು, ಏಣಿ ಹೊತ್ತು ತಿರುಗುವ ಬಣ್ಣದವನು, ಎಲ್ಲರೂ ಮಾತು ಕೊಟ್ಟರು.

"ನಾಳೆ ಸಾಹೇಬರು ಬರೋ ಹೊತ್ತಿಗೆ ಒಬ್ಬರೂ ತಪ್ಪಿಸಬಾರದು ನೋಡಿ," ಎಂದಳು.

"ನಾನು ನನ್ನ ತಂಗೀನೂ ಕರ್ಕೊಂಡು ಬರ್ತೀನಿ," ಎಂದಳು ಹೊಲಿಗೆಯ ಅಕ್ಕ. "ಅವಳೊಬ್ಬಳು ಕೂತ್ರೆ ಇಬ್ಬರು ಕೂತ ಹಾಗೆ ಕಾಣುತ್ತೆ."

ಮರುದಿನ ಅವರೆಲ್ಲ ಮಾತಿನಂತೆ ನಡೆದರು. ಬೆಳಗಿನ ಹೊತ್ತು ಏರುತ್ತಿದ್ದಂತೆ ಕೋಣೆ ತುಂಬಿತು. ಕುರ್ಚಿಗಳು ತುಂಬಿ, ಬೆಂಚು ತುಂಬಿ, ಕಿಟಕಿಯ ಕಟ್ಟೆ ತುಂಬಿ, ಬಣ್ಣದವನು ತನ್ನ ಏಣಿಯ ಎರಡನೆಯ ಮೆಟ್ಟಿಲ ಮೇಲೆ ಕೂತ. ಹೊಲಿಗೆಯ ಅಕ್ಕನ ತಂಗಿ ಅಕ್ಕ ಹೇಳಿದ್ದಕ್ಕೆ ಮೋಸ ಮಾಡಲಿಲ್ಲ. ಕೋಣೆಯಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಂಡೆಯ ಪಕ್ಕ ನಿಂತು, ಒಂದು ಸಲ ಎಲ್ಲರನ್ನೂ ಕಣ್ತುಂಬ ನೋಡಿದಳು. ಈಗ ಬರಲಿ ಸಾಹೇಬರು, ಕೂರಲು ಜಾಗ ಇಲ್ಲವೆಂದು ಬರೆದುಕೊಂಡು ಹೋಗಲಿ ಎಂದುಕೊಂಡಳು.

ಮುಚ್ಚಳ ಟಿಣಿಟಿಣಿ ಎಂದಿತು. ಹಿಂದೆಯೇ ಗಡಗಡ ಎಂದಿತು. ಲೋಟ ಕುಣಿಯಿತು.

"ಏಳಿ ಏಳಿ, ಪಟ್ಟಣದ್ದೂ ಬಂತು, ಕಾರ್ಖಾನೇದೂ ಬಂತು," ಎಂದು ಕೋಣೆಯಮ್ಮ ಕೂಗಿದಳು. "ನರ್ಸಮ್ಮ, ನಿಮ್ಮ ಡಬ್ಬಿ ಮರೀಬೇಡಿ. ಮೇಷ್ಟ್ರೇ, ಕೊಡೆ, ಕೊಡೆ."

ಎಷ್ಟೋ ವರ್ಷಗಳಿಂದ ಕೂಗಿದ ಕೂಗು. ನಾಲಿಗೆ ಅವಳನ್ನು ಕೇಳಿ ಕೂಗುವ ಕಾಲ ಹೋಗಿ ಎಷ್ಟೋ ದಿನವಾಗಿತ್ತು. ಜನರೂ ಅಷ್ಟೇ, ಆ ಕೂಗಿಗೆ ಅವರ ಕಾಲು ಅವರನ್ನು ಕೇಳದೆ ಏಳುತ್ತಿತ್ತು. ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು, ಏಣಿ ಮೊದಲಾಗಿ ಹೊಲಿಗೆಯ ಅಕ್ಕನ ತಂಗಿ ಕೊನೆಯಾಗಿ, ಎಲ್ಲರೂ ಬಾಗಿಲು ದಾಟಿ ಗೋಡೆ ಸುತ್ತಿ ಹೋದರು. ಆಮೇಲೆ ಕೋಣೆಯಲ್ಲಿ ಉಳಿದದ್ದು ಕೋಣೆಯಮ್ಮ ಮತ್ತು ಇನ್ನೂ ಬೆಚ್ಚಗಿದ್ದ ಕುರ್ಚಿಗಳು.

ಆಗ ಅವಳಿಗೆ ಹೊಳೆಯಿತು. ಸಾಹೇಬರು ಬರುವುದು ಯಾವುದರಲ್ಲಿ? ಗಾಡಿಯಲ್ಲಿ. ಗಾಡಿ ಬಂದಾಗ ಕಾಯುವವರು ಎಲ್ಲಿರುತ್ತಾರೆ? ಗಾಡಿಯೊಳಗೆ. ಈ ಸ್ಟೇಷನ್ನಿನಲ್ಲಿ ಎರಡು ದಿಕ್ಕಿನ ಗಾಡಿಗಳೂ ಬೆಳಿಗ್ಗೆ ಒಂದೇ ಹೊತ್ತಿಗೆ ಬಂದು ಕೂಡುತ್ತವೆ. ಮೂರು ವರ್ಷವೂ ಸಾಹೇಬರು ಕಾರ್ಖಾನೆ ಕಡೆಯ ಗಾಡಿಯಿಂದ ಇಳಿದು, ಆಗ ತಾನೇ ಖಾಲಿಯಾದ ಕೋಣೆಯನ್ನು ನೋಡಿ, ನಿಜವನ್ನೇ ಬರೆದು ಹೋಗಿದ್ದರು. ಗಾಡಿಯಲ್ಲಿ ಬರುವ ಯಾವ ಸಾಹೇಬರಿಗೂ, ಅವರು ಸೂರ್ಯನಷ್ಟು ನಿಯಮದಿಂದ ಬಂದರೂ, ಈ ಕೋಣೆ ತುಂಬಿದ್ದು ಕಾಣಲು ಸಾಧ್ಯವೇ ಇರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗಾಯಿತು ಅವಳಿಗೆ. ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಸಾಹೇಬರು ನಡುವಯಸ್ಸಿನವರು, ಮೆತ್ತಗಿನ ಮಾತಿನವರು. ಹೊಸ ಬೂಟು ಕಚ್ಚುತ್ತಿತ್ತೋ ಏನೋ, ಕೆಂಡದ ಮೇಲೆ ನಡೆದ ಹಾಗೆ ಹೆಜ್ಜೆ ಇಡುತ್ತಿದ್ದರು. ಹಿಂದೆ ಮಾಸ್ತರು, ತೋಳಿನ ಮೇಲೆ ಒಂದು ಗೆರೆ ಸುಣ್ಣ.

"ಯಾರೂ ಇಲ್ವಲ್ಲಮ್ಮ," ಎಂದರು ಸಾಹೇಬರು.

"ಈಗ ತಾನೇ ಇದ್ರು ಸಾರ್. ಕುರ್ಚಿ ಮುಟ್ಟಿ ನೋಡಿ, ಇನ್ನೂ ಬಿಸಿ ಇದೆ."

ಸಾಹೇಬರು ಬೇಸರದಿಂದ ನಕ್ಕರು. "ಹೋದ ವರ್ಷ ಬಂದವರಿಗೂ ಈಗ ತಾನೇ ಇದ್ರು ಅಂದಿದ್ರಂತೆ. ಅದಕ್ಕೂ ಹಿಂದಿನ ವರ್ಷವೂ ಅದೇ ಮಾತು. ನಾನೇನು ಮಾಡಲಿ ಹೇಳಿ, ಕಂಡದ್ದನ್ನು ಬರೀಬೇಕು."

"ಒಂದೆರಡು ತಾಸು ಇರಿ ಸಾರ್. ಮಧ್ಯಾಹ್ನದ ಗಾಡಿಗೆ ಜನ ಬರ್ತಾರೆ, ನಿಮ್ಮ ಕಣ್ಣಾರೆ ನೋಡಬಹುದು."

"ಆಗಲ್ಲಮ್ಮ. ಫಾಸ್ಟ್ ಗಾಡಿಗೆ ವಾಪಸ್ ಹೋಗಬೇಕು. ಇವತ್ತೇ ಇನ್ನೆರಡು ಸ್ಟೇಷನ್ ಇದೆ."

ಫಾಸ್ಟ್ ಗಾಡಿ ಇನ್ನು ಸ್ವಲ್ಪ ಹೊತ್ತಿಗೆ ಬರುವುದಿತ್ತು. ಅದು ಅಲ್ಲಿ ನಿಲ್ಲುತ್ತಿದ್ದದ್ದು ಸೀನು ಬಂದು ಹೋಗುವಷ್ಟು ಹೊತ್ತು. ಅದರ ಟಿಕೆಟ್ಟೂ ಬೇರೆ, ಊರಿನವರು ಯಾರೂ ಅದನ್ನು ಹತ್ತುತ್ತಿರಲಿಲ್ಲ. ಅದು ಬಿಟ್ಟರೆ ಪಟ್ಟಣಕ್ಕೆ ಮಧ್ಯಾಹ್ನದ ಲೋಕಲ್ಲೇ ಗತಿ. ಮಾಸ್ತರು, "ಸಾಹೇಬರು ಅಲ್ಲಿತನಕ ಇಲ್ಲೇ ಕೂತು ಕಾಲು ಚಾಚಲಿ, ಗಾಡಿ ಬಂದಾಗ ಈಯಮ್ಮ ಹೇಳ್ತಾಳೆ, ಇವಳ ಮಾತು ತಪ್ಪಿದ್ದೇ ಇಲ್ಲ" ಎಂದು ಹೇಳಿ, ಬಾವುಟ ಹಿಡಿಯಲು ಪ್ಲಾಟ್‌ಫಾರಮ್ಮಿಗೆ ಹೋದರು.

ಇವಳ ಮಾತು ತಪ್ಪಿದ್ದೇ ಇಲ್ಲ. ಆ ಮಾತನ್ನು ಕೋಣೆಯಮ್ಮ ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

ಸಾಹೇಬರು ಒರಗು ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿದರು. ದಪ್ಪ ಗೋಡೆಯ ಕೋಣೆ, ಹೊರಗಿನ ಬಿಸಿಲು ಒಳಗೆ ತಿಳಿಯುತ್ತಿರಲಿಲ್ಲ. ಕೋಣೆಯಮ್ಮ ಹಂಡೆಯಿಂದ ನೀರು ಕೊಟ್ಟಳು. ಅವರು ಕುಡಿದು, "ಎಷ್ಟು ತಣ್ಣಗಿದೆ" ಎಂದು ಇನ್ನೊಂದು ಲೋಟ ಕೇಳಿ ಕುಡಿದು, ಪೆನ್ನು ತೆಗೆದರು. ಅವರು ಏನು ಬರೆಯುತ್ತಾರೆ ಎಂದು ಅವಳಿಗೆ ಓದಿ ತಿಳಿಯಬೇಕಾಗಿರಲಿಲ್ಲ. ಕಣ್ಣೆದುರು ಸಿಮೆಂಟ್ ಮೂಟೆಗಳು ಬಂದವು. ಬೆಂಚಿದ್ದ ಕಡೆ ಮೂಟೆ, ಹಂಡೆಯಿದ್ದ ಕಡೆ ಮೂಟೆ. ತಾನು ಎಲ್ಲೋ ಒಂದು ನೆಲಮಾಳಿಗೆಯಲ್ಲಿ ಕಪ್ಪು ಕೊಡೆ ಒಂದು ಕಡೆ, ಹೂವಿನ ಕೊಡೆ ಒಂದು ಕಡೆ ಇಡುತ್ತಾ ಕೂತಿರುವುದು ಬಂತು. ನರ್ಸಮ್ಮ ರಾತ್ರಿಪಾಳಿ ಮುಗಿಸಿ ಬಂದು ಆ ಮೂಲೆಯ ಬೆಂಚಿನಲ್ಲಿ ನಂಬಿಕೆಯಿಂದ ಕಣ್ಣು ಮುಚ್ಚುತ್ತಾಳಲ್ಲ, ಇನ್ನು ಅವಳನ್ನು ಎಬ್ಬಿಸುವವರು ಯಾರು ಎಂಬುದು ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಟ್ಟಿತು.

ಆಗ ಮುಚ್ಚಳದ ಅಂಚಿನಲ್ಲಿ ಝಿ ಎಂಬ ಸಣ್ಣ ಸದ್ದು ಹುಟ್ಟಿತು.

ಕೋಣೆಯಮ್ಮನ ಬಾಯಿ ತೆರೆಯಿತು. ನಾಲಿಗೆ ತುದಿಗೆ ಕೂಗು ಬಂದು ನಿಂತಿತು. ಅವಳು ಬಾಯಿ ಮುಚ್ಚಿದಳು, ಕೈ ಚಾಚಿ ಅಂಗೈಯನ್ನು ಮುಚ್ಚಳದ ಮೇಲಿಟ್ಟು ಒತ್ತಿದಳು. ಸದ್ದು ನಿಂತಿತು. ಆದರೆ ನಡುಕ ನಿಲ್ಲಲಿಲ್ಲ. ಅದು ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಹತ್ತಿ ಕಿವಿಯ ಓಲೆಗಳವರೆಗೂ ಹೋಯಿತು. ಜೀವಮಾನದಲ್ಲಿ ಅಷ್ಟು ಜೋರಾಗಿ ಅವಳು ಯಾವುದನ್ನೂ ಒತ್ತಿ ಹಿಡಿದಿರಲಿಲ್ಲ. ಅತ್ತೆಯ ಮುಖ ನೆನಪಾಗಿ ಕಣ್ಣು ಮುಚ್ಚಿಕೊಂಡಳು.

ಬಾಗಿಲ ಕಡೆಯಿಂದ ಗುಂಯ್ ಎಂಬ ಶಬ್ದ ಬಂದು ಹೋಯಿತು. ಸಾಹೇಬರು ತಲೆ ಎತ್ತಿದರು.

"ಈ ರಸ್ತೇಲಿ ಲಾರಿ ಜಾಸ್ತಿ ಅಲ್ವಾ?"

"ಹ್ಞೂಂ ಸಾರ್," ಎಂದಳು ಕೋಣೆಯಮ್ಮ. ಧ್ವನಿ ಆಡಿನ ಮರಿಯ ಹಾಗೆ ಹೊರಟಿತು.

"ಯಾಕಮ್ಮ, ಮೈ ಹುಷಾರಿಲ್ವಾ? ನಡುಗ್ತಾ ಇದ್ದೀರಿ."

"ಏನಿಲ್ಲ ಸಾರ್. ನೀರು ತಣ್ಣಗಿದೆ."

ಮಾಸ್ತರು ಹಸಿರು ಬಾವುಟ ಬೀಸಿ ಗಾಡಿ ಕಳಿಸಿ, ಸಾಹೇಬರು ಮುಂದಿನ ಬೋಗಿಯಲ್ಲಿ ಹತ್ತಿರಬೇಕೆಂದು ನಿಟ್ಟುಸಿರು ಬಿಟ್ಟು, ಕೋಣೆಗೆ ಬಂದು ಇಣುಕಿದರು. ಒರಗು ಕುರ್ಚಿಯಲ್ಲಿ ಸಾಹೇಬರು ಬರಿಗಾಲಿನ ಬೆರಳುಗಳನ್ನು ಆಡಿಸುತ್ತಾ ಕೂತಿದ್ದರು. ಮಾಸ್ತರ ಮುಖ ಅವರದೇ ಸುಣ್ಣದ ಬಣ್ಣಕ್ಕೆ ತಿರುಗಿತು. ವಿಷಯ ತಿಳಿದ ಸಾಹೇಬರು ಮೊದಲು ಸಿಡಿಮಿಡಿಗೊಂಡರು, ಆಮೇಲೆ ಮುಂದಿನ ಸ್ಟೇಷನ್ನಿಗೆ ಫೋನ್ ಮಾಡಿಸಿದರು, ಆಮೇಲೆ ಬೇರೆ ದಾರಿ ಕಾಣದೆ ಮತ್ತೆ ಕಾಲು ಚಾಚಿದರು. ಕಾಯುವುದು ಬಿಟ್ಟು ಅವರಿಗೂ ಬೇರೆ ಕೆಲಸ ಉಳಿದಿರಲಿಲ್ಲ.

ಹೊತ್ತು ಏರಿದಂತೆ ಜನ ಬರತೊಡಗಿದರು. ಮೊದಲು ಬಂದದ್ದು ಬಟ್ಟೆ ಗಂಟಿನ ಮುದುಕಿ. ಸಾಹೇಬರ ಬೂಟು ಕಂಡು, "ಯಾರದಪ್ಪ ಇದು ನಡುದಾರೀಲಿ, ಸರಿಸು ಮಗಾ" ಎಂದಳು. ಸಾಹೇಬರು ಸರಿಸಿದರು. ಆಮೇಲೆ ಅರ್ಧ ದಿನದ ಶಾಲೆ ಮುಗಿಸಿದ ಲೆಕ್ಕದ ಮೇಷ್ಟ್ರು ಬಂದರು. ಕೂಸು ಎತ್ತಿಕೊಂಡ ಇಬ್ಬರು ತಾಯಂದಿರು, ಪಿಟೀಲಿನ ಪೆಟ್ಟಿಗೆಯ ಹುಡುಗಿ, ಗೊರಕೆಯನ್ನು ಜೊತೆಯಲ್ಲೇ ತಂದ ಕಾವಲುಗಾರ ಬಂದರು. ಬೆಂಚಿನಲ್ಲಿ ಜಾಗ ಸಾಲದೆ ಒಂದು ಕೂಸು ಸಾಹೇಬರ ತೊಡೆಗೆ ಬಂತು. ಬಂದ ಕೂಸು ಅವರ ಪೆನ್ನಿನ ಟೋಪಿಯನ್ನು ಬಾಯಿಗೆ ಹಾಕಿಕೊಂಡಿತು. ಸಾಹೇಬರು ಅದರ ಬಾಯಿಗೆ ಬೆರಳು ಹಾಕಿ ಟೋಪಿಯನ್ನು ಹೊರಗೆ ತೆಗೆದದ್ದನ್ನು ನೋಡಿ, ಇವರು ಮಕ್ಕಳಿರುವ ಮನುಷ್ಯ ಎಂದು ಕೋಣೆಯಮ್ಮ ಅಂದುಕೊಂಡಳು.

"ಇಲ್ಲಿ ಕೂತ್ರೆ ಗಾಡಿ ಬಂದದ್ದು ಹೇಗೆ ಗೊತ್ತಾಗುತ್ತೆ?" ಎಂದು ಸಾಹೇಬರು ಮೇಷ್ಟ್ರನ್ನು ಕೇಳಿದರು.

ಮೇಷ್ಟ್ರಿಗೆ ಅಷ್ಟೇ ಬೇಕಾಗಿತ್ತು. ಹಂಡೆ, ಮುಚ್ಚಳ, ಟಿಣಿಟಿಣಿ, ಗಡಗಡ, ಝಿರ್ರ್ ಎಲ್ಲವನ್ನೂ ಕರಿಹಲಗೆ ಎದುರಿಗಿದ್ದ ಹಾಗೆ ಬಿಡಿಸಿ ಹೇಳಿದರು. "ಇಷ್ಟು ವರ್ಷದಲ್ಲಿ ಈಯಮ್ಮನ ಕೋಣೆಯಿಂದ ಒಬ್ಬರೂ ಗಾಡಿ ತಪ್ಪಿಸಿಕೊಂಡಿಲ್ಲ ಸಾರ್," ಎಂದು ಮುಗಿಸಿದರು.

ಸಾಹೇಬರು ಮುಚ್ಚಳವನ್ನು ನೋಡಿದರು. ಕೋಣೆಯಮ್ಮನನ್ನು ನೋಡಿದರು. ಕೋಣೆಯಮ್ಮ ನೆಲವನ್ನು ನೋಡಿದಳು.

"ಹಾಗಾದ್ರೆ ನನ್ನ ಗಾಡಿಗೆ ಅದು ಯಾಕೆ ಬಾಯಿ ಬಿಡಲಿಲ್ಲ?" ಎಂದರು ಸಾಹೇಬರು.

ಅವಳು ಉತ್ತರ ಹುಡುಕುವಷ್ಟರಲ್ಲಿ ಮುಚ್ಚಳವೇ ಬಾಯಿ ಬಿಟ್ಟಿತು. ಟಿಣಿಟಿಣಿ. "ಪಟ್ಟಣದ್ದು ಬಂತು, ಏಳಿ," ಎಂದಳು ಕೋಣೆಯಮ್ಮ, ಎಂದಿಗಿಂತ ಎರಡು ಪಟ್ಟು ಗಟ್ಟಿಯಾಗಿ. ಗೊರಕೆ ನಿಂತಿತು, ಕೂಸು ಕೈ ಬದಲಿಸಿತು, ಸಾಹೇಬರು ಬೂಟಿಗೆ ಕಾಲು ತೂರಿಸಿ ಎಲ್ಲರ ಜೊತೆ ಎದ್ದರು. ಬಾಗಿಲಲ್ಲಿ ಅವರು ಒಂದು ಗಳಿಗೆ ತಿರುಗಿ ನಿಂತರು. ನಿಮಿಷದ ಹಿಂದೆ ಗಿಜಿಗುಡುತ್ತಿದ್ದ ಕೋಣೆ ಖಾಲಿಯಾಗಿ ಬಿದ್ದಿತ್ತು. ಅವರು ಹೋಗಿ ಒಂದು ಕುರ್ಚಿಯನ್ನು ಮುಟ್ಟಿ ನೋಡಿದರು.

"ಬಿಸಿ ಇದೆ," ಎಂದು ತಮಗೆ ತಾವೇ ಹೇಳಿಕೊಂಡರು.

ಗಾಡಿ ಹತ್ತುವಾಗ ಮಾಸ್ತರಿಗೆ ಅವರು ಹೇಳಿದ್ದು ಎರಡೇ ಮಾತು. "ಕೋಣೆ ಇರಲಿ, ಚೆನ್ನಾಗಿ ನಡೀತಾ ಇದೆ. ಆ ಹಂಡೆ ಮುಚ್ಚಳ ಮಾತ್ರ ಒಂದೊಂದು ಸಲ ಕೈ ಕೊಡುತ್ತೆ, ಯಾರಿಗಾದ್ರೂ ತೋರಿಸಿ." ಗಾಡಿ ತಿರುವು ದಾಟುವುದರೊಳಗೆ ಮಾಸ್ತರು ಮುಚ್ಚಳಕ್ಕೆ ಒಂದು ಕೈ ಸುಣ್ಣ ಹೊಡೆಯಲು ಬಂದಿದ್ದರು. ಕೋಣೆಯಮ್ಮ ಅವರನ್ನು ಬಾಗಿಲಿನಿಂದಾಚೆಗೆ ಕಳಿಸಿದಳು.

ಕೋಣೆ ಉಳಿಯಿತು. ಅವಳು ಕುಣಿಯಬೇಕಾಗಿತ್ತು. ಆದರೆ ಸಂಜೆ ಮನೆಯ ಕಡೆ ಕಾಲು ಎಳೆದುಕೊಂಡು ನಡೆದಳು. ಅತ್ತೆ ಕಟ್ಟಿ ಕೊಟ್ಟ ಹೆಸರನ್ನು ತಾನು ಒಂದು ಅಂಗೈಯಲ್ಲಿ ಒತ್ತಿ ಕೊಂದೆ ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು. ಹೇಳದೆ ಇರಬಹುದಿತ್ತು. ಹೇಳದಿದ್ದರೆ ಊಟ ಸೇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಅತ್ತೆ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

"ಅತ್ತೆ, ಇವತ್ತೊಂದು ತಪ್ಪು ಮಾಡಿಬಿಟ್ಟೆ."

"ಕೋಣೆ ಹೋಯ್ತಾ?"

"ಇಲ್ಲ, ಉಳೀತು. ಆದ್ರೆ ಉಳಿಸೋಕೆ ಹೋಗಿ ಸಾಹೇಬರ ಗಾಡಿ ತಪ್ಪಿಸಿದೆ. ಮುಚ್ಚಳ ಒತ್ತಿ ಹಿಡಿದೆ."

ಅತ್ತೆಯ ಬೆರಳು ಸಿಪ್ಪೆಯ ಮೇಲೆ ನಿಂತಿತು. ಕೋಣೆಯಮ್ಮ ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು. ಯಾಕೆ ಎಂದು ಕೇಳುತ್ತಾರೆ, ಎಂಥ ಕೆಲಸ ಮಾಡಿದೆ ಎನ್ನುತ್ತಾರೆ, ಇಂಥವಳಿಗೆ ವಿದ್ಯೆ ಕಲಿಸಿದೆನಲ್ಲ ಎಂದು ಹಲುಬುತ್ತಾರೆ ಎಂದುಕೊಂಡಳು.

"ಹೇಗೆ ಒತ್ತಿದೆ?" ಎಂದರು ಅತ್ತೆ.

"ಹೇಗೆ ಅಂದ್ರೆ? ಹೀಗೆ, ಅಂಗೈ ಇಟ್ಟು."

"ಬರೀ ಅಂಗೈ?" ಅತ್ತೆ ಲೊಚಗುಟ್ಟಿದರು. "ದಡ್ಡಿ. ಅಂಗೈ ಇಟ್ರೆ ನಡುಕ ಮೈಗೆಲ್ಲ ಹತ್ತುತ್ತೆ, ಎದುರಿಗೆ ಕೂತವರಿಗೆ ಮುಖ ನೋಡಿದ್ರೇ ಗೊತ್ತಾಗಿಬಿಡುತ್ತೆ. ಒರೆಸೋ ಬಟ್ಟೇನ ಒದ್ದೆ ಮಾಡಿ, ನಾಲ್ಕು ಮಡಿಕೆ ಮಾಡಿ, ಮುಚ್ಚಳದ ಅಂಚಿಗೆ ತುರುಕಬೇಕು. ಆಮೇಲೆ ಕೈ ಕಟ್ಟಿಕೊಂಡು ಬಿಸಿಲು ಮಳೆ ಅಂತ ಏನಾದ್ರೂ ಮಾತಾಡ್ತಾ ಇದ್ರಾಯ್ತು. ಒಂದು ಚೂರೂ ಕೇಳ್ಸಲ್ಲ."

ಹೇಳಿ ಮುಗಿಸಿದ ಮೇಲೆ ಅತ್ತೆಗೆ ತಾವು ಏನು ಹೇಳಿದೆವು ಎಂಬುದು ಕೇಳಿಸಿದಂತಾಯಿತು. ಬಟ್ಟಲಿನ ಬಟಾಣಿಯನ್ನು ಇಲ್ಲದ ಕಲ್ಲಿಗಾಗಿ ಹುಡುಕತೊಡಗಿದರು.

"ಇದೆಲ್ಲ ನಿಮಗೆ ಹೇಗೆ ಗೊತ್ತು ಅತ್ತೆ?"

ಅಷ್ಟರಲ್ಲಿ ಗೇಟಿನ ಕೆಲಸ ಮುಗಿಸಿದ ಗಂಡ ಒಳಗೆ ಬಂದು ಚಪ್ಪಲಿ ಬಿಡುತ್ತಿದ್ದ. ಕೋಣೆಯಮ್ಮ ಅತ್ತೆಯ ಮೇಲಿಟ್ಟ ಕಣ್ಣನ್ನು ತೆಗೆಯದೆ ಅವನನ್ನು ಕೇಳಿದಳು.

"ರೀ, ನಾನೂ ಅಪ್ಪನೂ ಗಾಡಿ ತಪ್ಪಿಸಿಕೊಂಡ ದಿನ ನೀವು ಊಟದ ಡಬ್ಬಿ ತಂದ್ರಲ್ಲ, ತಗೊಂಡು ಬಾ ಅಂತ ಹೇಳಿಕಳಿಸಿದ್ದು ಯಾರು?"

"ಅಮ್ಮ," ಎಂದ ಗಂಡ, ನೀರಿಗೆ ಕೈ ಹಾಕುತ್ತಾ. ಅವನು ಯಾವುದನ್ನೂ ಮುಚ್ಚಿಡಲು ಬಾರದ ಮನುಷ್ಯ. "ಚಹಾದವನ ಅಪ್ಪನ ಕೈಲಿ ಹೇಳಿಕಳಿಸಿದ್ಲು. ನನಗೂ ಆಶ್ಚರ್ಯ ಆಯ್ತು, ಅಮ್ಮ ಊಟ ಮಾಡಿಕೊಂಡೇ ಹೋಗಿದ್ಲು. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಾ ಅಂತ ಬೇರೆ ಹೇಳಿದ್ಲು. ಯಾಕೆ?"

"ಏನಿಲ್ಲ. ಕೈ ಕಾಲು ತೊಳ್ಕೊಳ್ಳಿ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಕಾಲ ಇಷ್ಟು ವರ್ಷ ಕಳೆದ ಮೇಲೆ, ಒಂದು ಬಟ್ಟಲು ಬಟಾಣಿಯ ಮುಂದೆ ಬಂದು ನಿಂತಿತ್ತು. ಕೋಣೆಯಮ್ಮನಿಗೆ ಸಿಟ್ಟು ಬಂದದ್ದು ನಿಜ. ಬಾಗಿಲ ಹತ್ತಿರ ಬೂಟು ಹಾಕಿಕೊಂಡು ಅವಸರದಿಂದ ಕಾಯುತ್ತಿದ್ದ ಅಪ್ಪ ಕಣ್ಣಿಗೆ ಬಂದ. ಆದರೆ ಅದರ ಹಿಂದೆಯೇ, ಆ ಒದ್ದೆ ಬಟ್ಟೆ ಒಂದು ಇಲ್ಲದಿದ್ದರೆ ಈ ಮನೆ ಇಲ್ಲ, ಈ ಪೆದ್ದ ಗಂಡ ಇಲ್ಲ, ಆ ಕೋಣೆ ಇಲ್ಲ ಎಂಬುದೂ ಬಂತು. ತುಂಬಿದ ಸ್ಟೇಷನ್ನಿನಲ್ಲಿ ಹೋಗಿ ಬರುವ ಎಷ್ಟೋ ಹುಡುಗಿಯರ ನಡುವೆ ಒಬ್ಬಳನ್ನು ನೋಡಿ, ಇವಳು ಹೋಗಬಾರದು ಎಂದು ಒಬ್ಬ ಹೆಂಗಸಿಗೆ ಅನ್ನಿಸಿತ್ತು. ಹಾಗೆ ಅನ್ನಿಸಿದ್ದು ತನ್ನನ್ನು ನೋಡಿ.

ಅವಳು ಅತ್ತೆಯ ಎದುರಿಗೆ ಕೂತು, ಒಂದು ಹಿಡಿ ಬಟಾಣಿ ಎಳೆದುಕೊಂಡು, ತಾನೂ ಸುಲಿಯತೊಡಗಿದಳು. ಕಾಯಿ ಮುಗಿಯುತ್ತಾ ಬಂದಾಗ ಅತ್ತೆ ಬಟ್ಟಲನ್ನು ಸೊಸೆಯ ಕಡೆ ಸರಿಸಿದರು.

"ಹೋಗಲಿ ಬಿಡು," ಎಂದರು. "ನಿಮ್ಮಪ್ಪನ ಬೂಟಿಗೆ ದಾರ ಇರಲಿಲ್ಲ."